ಬೆಳ್ಳಿಯ ನ್ಯಾನೊ ಕಣಗಳನ್ನು ನಂಬಬಹುದೇ?

ಪರ

ಕುದಿಯುವ ಸಾರು ಚೆಲ್ಲಿ ಕೈ ಸುಟ್ಟುಕೊಂಡವರಿಗೆ ಆ ಬಿಳಿ ಮುಲಾಮು ಗೊತ್ತಿರುತ್ತದೆ. ಬೆಣ್ಣೆಯ ಹಾಗೆ ದಪ್ಪಗೆ ಹಚ್ಚಿ ಮೇಲೆ ಬಟ್ಟೆ ಸುತ್ತುತ್ತಾರೆ. ಸಿಲ್ವರ್ ಸಲ್ಫಾಡಯಜಿನ್ ಅಂತ ಅದರ ಹೆಸರು; ಅದರಲ್ಲಿರುವ ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. 1960ರ ದಶಕದಿಂದಲೂ ಬಳಕೆಯಲ್ಲಿದೆ. ಅಂದರೆ ಗಾಯಕ್ಕೆ ಬೆಳ್ಳಿ ಹೊಸ ನೆಂಟನೇನಲ್ಲ, ಹೊಸದು ಅದರ ಗಾತ್ರ ಮಾತ್ರ. 100 ನ್ಯಾನೊಮೀಟರಿಗಿಂತ ಚಿಕ್ಕ ಚೂರುಗಳು (ಒಂದು ನ್ಯಾನೊಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು). ಚೂರು ಚಿಕ್ಕದಾದಷ್ಟೂ ಮೇಲ್ಮೈ ಜಾಸ್ತಿ, ಅದರಿಂದ ಹೊರಬರುವ ಬೆಳ್ಳಿಯ ಅಯಾನುಗಳೂ, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳೂ, ಜಾಸ್ತಿ.

ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸಕ್ಕೆ ಮಾತ್ರ ಕೈ ಹಾಕುತ್ತದೆ. ಪೆನಿಸಿಲಿನ್ನನ್ನೇ ಕತ್ತರಿಸುವ ಒಂದು ಕಿಣ್ವ ಸಿಕ್ಕರೆ ಬ್ಯಾಕ್ಟೀರಿಯಾ ಪಾರು. ಬೆಳ್ಳಿಯ ರೀತಿ ಬೇರೆ. ಪೊರೆ ಹಾಳು ಮಾಡುತ್ತದೆ, ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಳ್ಳುತ್ತದೆ, ಉಸಿರಾಟದ ಕಿಣ್ವಗಳನ್ನೂ ಕೆಡಿಸುತ್ತದೆ. ಎಷ್ಟು ಕಡೆ ಅಂತ ತಡೆಯುವುದು?

ವೆಂಟಿಲೇಟರಿಗಾಗಿ ಗಂಟಲಿಗೆ ಇಳಿಸುವ ನಳಿಕೆಗೆ ಬೆಳ್ಳಿ ಲೇಪಿಸಿ ನೋಡಿದ ದೊಡ್ಡ ಪ್ರಯೋಗವೊಂದು 2008ರಲ್ಲಿ ಪ್ರಕಟವಾಯಿತು. ನ್ಯುಮೋನಿಯಾ ಆದವರ ಪ್ರಮಾಣ ಶೇ. 7.5ರಿಂದ 4.8ಕ್ಕೆ ಇಳಿದಿತ್ತು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ. ಹೀಗಿರುವಾಗ ಕೈಯಲ್ಲಿರುವ ಅಸ್ತ್ರವನ್ನು ಸುಮ್ನೆ ಪಕ್ಕಕ್ಕಿಡಬೇಕೇ?

ವಿರೋಧ

ನಾಲ್ಕು ಕಡೆ ಹೊಡೆಯುತ್ತದೆ, ಒಪ್ಪೋಣ. ಆದರೆ ಒಳಗೆ ಬಂದರೆ ತಾನೇ ಹೊಡೆಯುವುದು? ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಬೆಳ್ಳಿಗೂ ಬಗ್ಗದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾಣಿಸಿಕೊಂಡ ವರದಿ 1975ರಷ್ಟು ಹಳೆಯದು. ಆಮೇಲೆ ಅದರ ಜೀನುಗಳನ್ನು ಓದಿದಾಗ ಗೊತ್ತಾಯಿತು: ಬೆಳ್ಳಿಯನ್ನು ಹಿಡಿದಿಡುವ ಪ್ರೋಟೀನು, ಹೊರಗೆ ತಳ್ಳುವ ಪಂಪು, ಎರಡೂ ಅದರ ಬಳಿ ಇದ್ದವು.

ನ್ಯಾನೊ ಕಣಗಳ ಕಥೆ ಇನ್ನೂ ಮಜವಾಗಿದೆ. ಚೆಕ್ ದೇಶದ ಓಲೊಮೌಟ್ಸ್‌ನ ವಿಜ್ಞಾನಿಗಳು ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಕಣ ಉಣಿಸಿದರು. 2018ರಲ್ಲಿ ಅದರ ಫಲಿತಾಂಶ ಬಂತು. ಬ್ಯಾಕ್ಟೀರಿಯಾ ತನ್ನ ಜೀನುಗಳನ್ನು ಬದಲಿಸಿಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಈಜಲು ಬಳಸುವ ಬಾಲದ ಪ್ರೋಟೀನನ್ನು, ಫ್ಲಾಜೆಲಿನ್ನನ್ನು, ಹೊರಗೆ ಸುರಿದಿತ್ತು. ಅದರಲ್ಲಿ ಸಿಕ್ಕಿಬಿದ್ದ ಕಣಗಳು ರವೆ ಗಂಟು ಕಟ್ಟಿದ ಹಾಗೆ ಮುದ್ದೆಯಾದವು. ಮುದ್ದೆಯಾದ ಮೇಲೆ ನ್ಯಾನೊ ಎಲ್ಲಿ ಉಳಿಯಿತು? ದಾಳಿಂಬೆ ಸಿಪ್ಪೆಯ ಸಾರ ಬೆರೆಸಿದಾಗ ಈ ಆಟ ನಿಂತಿತಂತೆ. ಉಪಾಯ ಚೆನ್ನಾಗಿದೆ. ಆದರೆ ಗಾಜಿನ ಬುಡ್ಡಿಯಲ್ಲಿ ನಡೆದದ್ದು ರೋಗಿಯ ಮೈಯಲ್ಲೂ ನಡೆಯಬೇಕಲ್ವಾ?

ಇನ್ನು ನಳಿಕೆಯ ವಿಷಯ. ಬ್ರಿಟನ್ನಿನಲ್ಲಿ ಮೂತ್ರದ ನಳಿಕೆಗೂ ಬೆಳ್ಳಿ ಲೇಪಿಸಿ ನೋಡಿದರು. 2012ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಲಾಭ ಇರಲಿಲ್ಲ. ಬೆಳ್ಳಿಯನ್ನು ವರ್ಷಗಟ್ಟಲೆ ನುಂಗಿದವರ ಚರ್ಮ ಬೂದು ನೀಲಿಗೆ ತಿರುಗಿ ಹಾಗೇ ಉಳಿಯುವುದೂ ಉಂಟು.

ಸುಟ್ಟ ಗಾಯಕ್ಕೆ ಬಳಸಿದರೆ ನನ್ನ ತಕರಾರಿಲ್ಲ. ನನ್ನ ಸಿಟ್ಟು ಕಾಲುಚೀಲದ ಮೇಲೆ. ವಾಸನೆ ಬರದಿರಲಿ ಅಂತ ಅದಕ್ಕೂ ನ್ಯಾನೊ ಬೆಳ್ಳಿ ಹಾಕಿ ಮಾರುತ್ತಾರೆ. ಒಗೆದಾಗಲೆಲ್ಲ ಒಂದಿಷ್ಟು ಬೆಳ್ಳಿ ಚರಂಡಿಗೆ ಹೋಗುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಕ್ಕೆ ಓಲೊಮೌಟ್ಸ್‌ನಲ್ಲಿ ಉಣಿಸಿದ ಹಾಗೆಯೇ ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ. ಬೆವರಿನ ವಾಸನೆಗೆ ಸೋಪು ಸಾಲದೇ?