ಅವಧಿ ಮುಗಿದ ಸ್ಮಾರ್ಟ್‌ತನ

ನಮ್ಮ ಪುಣೆ 2025ರ ಮಾರ್ಚ್ 31ರವರೆಗೆ ಸ್ಮಾರ್ಟ್ ಆಗಿತ್ತು. ಕೆಮ್ಮಿನ ಔಷಧದ ಬಾಟಲಿ ಮೇಲೆ ಇರುತ್ತಲ್ಲ, ಹಾಗೆ ಇದಕ್ಕೂ ಒಂದು ಕೊನೇ ತಾರೀಖು. ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ ಅಂದು ಮುಗಿಯಿತು. ಮರುದಿನ ಯಾವ ತಾರೀಖು ಅಂತ ನಾನು ಹೇಳಬೇಕಿಲ್ಲ, ಅಲ್ವಾ?

ಶುರುವಿನಲ್ಲಿ ಏನು ಸಂಭ್ರಮ! 2015ರ ಜೂನ್ 25ಕ್ಕೆ ದಿಲ್ಲಿಯಲ್ಲಿ ಚಾಲನೆ. ನಗರಗಳಿಗೆ ಪೈಪೋಟಿ. ಗೆದ್ದ ಊರಿಗೆ ಕೇಂದ್ರದಿಂದ ಐದು ವರ್ಷಕ್ಕೆ 500 ಕೋಟಿ. 2016ರ ಜನವರಿಯಲ್ಲಿ ಮೊದಲ ಪಟ್ಟಿ ಬಂತು: ಭುವನೇಶ್ವರ ಫಸ್ಟು, ಪುಣೆ ಸೆಕೆಂಡು. ಮಗ ಎಸ್ಸೆಸ್ಸೆಲ್ಸಿ ಪಾಸಾದವನ ಹಾಗೆ ನೆಂಟರಿಗೆಲ್ಲ ಫೋನ್ ಮಾಡಿದೆ. ಬೆಳಗಾವಿಯ ಮಾವ ಮಾತ್ರ, "ನಮ್ದೂ ಪಾಸಾಗೇತಿ, ಭಾಳ ಹಾರ್ಯಾಡಬ್ಯಾಡ" ಅಂದರು. ನಿಜ, ಬೆಳಗಾವಿ, ದಾವಣಗೆರೆ ಎರಡೂ ಅದೇ ಪಟ್ಟಿಯಲ್ಲಿದ್ದವು.

ಹೆಚ್ಚಿನ ಕೆಲಸ ಔಂಧ್, ಬಾಣೇರ್, ಬಾಲೇವಾಡಿಯಲ್ಲಿ ಅಂದರು. ಹೊಟ್ಟೆ ತುಂಬಿದವನ ಎಲೆಗೇ ಇನ್ನೊಂದು ಹೋಳಿಗೆ. ನಾನಿರುವುದು ಔಂಧ್‌ನಲ್ಲಿ, ಹಾಗಾಗಿ ಆಗ ಸುಮ್ನಿದ್ದೆ. ಫುಟ್‌ಪಾತ್ ಅಗಲವಾಯಿತು. ಸುಳ್ಳು ಯಾಕೆ, ಚೆನ್ನಾಗೇ ಇದೆ. ಸ್ಕೂಟರುಗಳೂ ಈಗ ಆರಾಮಾಗಿ ನಿಲ್ಲುತ್ತವೆ. 2017ರ ಕೊನೆಗೆ ಬಾಡಿಗೆ ಸೈಕಲ್ ಬಂದವು. ಕೆಲವು ತಿಂಗಳ ಮೇಲೆ ಒಂದನ್ನು ನಮ್ಮ ಬೀದಿ ಕೊನೆಯಲ್ಲಿ ನೋಡಿದೆ. ಸೀಟಿಲ್ಲ, ಹಿಂದಿನ ಚಕ್ರವಿಲ್ಲ, ಹ್ಯಾಂಡಲ್ ಮೇಲೆ ಯಾರದೋ ಒದ್ದೆ ಟವೆಲ್.

ಸ್ಮಾರ್ಟ್ ಕೆಲಸಕ್ಕೆ ಬೇರೆಯೇ ಕಂಪನಿ. ಹಾಗಾದರೆ ಪಾಲಿಕೆ? ಅದರ ಅವಧಿ 2022ರ ಮಾರ್ಚಿಗೆ ಮುಗಿಯಿತು. ಆಮೇಲೆ ಮೂರು ವರ್ಷಕ್ಕೂ ಜಾಸ್ತಿ ಚುನಾವಣೆಯೇ ಇಲ್ಲ. ನಗರಸೇವಕರಿಲ್ಲ, ಮಹಾಪೌರರಿಲ್ಲ. ಅಷ್ಟು ದಿನ ಬೈಯೋಣ ಅಂದರೂ ಒಂದು ಮುಖವಿರಲಿಲ್ಲ.

ದಿಲ್ಲಿ ಇದನ್ನೆಲ್ಲ ಯೋಚಿಸಿಲ್ಲ ಅಂತಲ್ಲ. 1993ರಲ್ಲಿ ಜಾರಿಯಾದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ಅಂತಲೇ 18 ವಿಷಯ ಪಟ್ಟಿ ಮಾಡಿತು. ರಾಜ್ಯಗಳು ಇವನ್ನು ವಹಿಸಿಕೊಡಬಹುದು ಅಂದಿತು. ಬಹುದು! ಅಡುಗೆಮನೆ ಬೀಗದ ಕೈಯನ್ನು ಅತ್ತೆ ಸೊಸೆಗೆ ಕೊಡಬಹುದು ಅಂತ ಬರೆದಿಟ್ಟ ಹಾಗೆ. ಸೊಸೆ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ. ಬಂದುಹೋಗುವವರು ಅವಳಿಗೆ ಮಿಕ್ಸರ್ ಉಡುಗೊರೆ ಕೊಡುತ್ತಿದ್ದಾರೆ.

ಒಬ್ಬರು ಕೊಟ್ಟಿದ್ದು ಇನ್ನೊಬ್ಬರಿಗೆ ಅಡ್ಡ ಬೇರೆ. ಯೂನಿವರ್ಸಿಟಿ ಚೌಕದ ಫ್ಲೈಓವರ್ ಕಟ್ಟಿ 15 ವರ್ಷವೂ ಆಗಿರಲಿಲ್ಲ. ಮೆಟ್ರೋಗೆ ಜಾಗ ಬೇಕು ಅಂತ 2020ರಲ್ಲಿ ಒಡೆದರು.

ನಾನು ದಿನಾ ಚಹಾ ಕುಡಿಯುವ ಉಡುಪಿ ಹೋಟೆಲಿನ ಮುಂದೆ ಗಟಾರದ ಮೇಲೊಂದು ಕಲ್ಲುಚಪ್ಪಡಿ ಇದೆ. ಶೆಟ್ಟರೇ ಹಾಕಿಸಿದ್ದು. ಎಷ್ಟೋ ಮಳೆಗಾಲ ಕಂಡಿದೆ, ಒಂದು ಬಿರುಕಿಲ್ಲ.

"ಇದು ಯಾವ ಯೋಜನೆಯದು ಶೆಟ್ರೇ?" ಅಂತ ಕೇಳಿದೆ.

ಅವರು ಚಿಲ್ಲರೆ ಎಣಿಸುತ್ತಲೇ, "ಉದ್ಘಾಟನೆ ಆಗ್ಲಿಲ್ಲ ಮಾರಾಯ್ರೆ, ಅದಕ್ಕೇ ಉಳಿದಿದೆ" ಅಂದರು.