ಮಂಚ, ಲಿಫ್ಟು ಮತ್ತು ಡಿ ವಿಟಮಿನ್

ಮುಂಬೈ ಬಿಸಿಲಿನಲ್ಲಿ ದಿನಾ ಬೇಯುವ ನನಗೆ ಡಿ ವಿಟಮಿನ್ ಕಡಿಮೆ ಅಂತ ರಿಪೋರ್ಟ್ ಬಂದಾಗ ನಂಬಿಕೆಯೇ ಬರಲಿಲ್ಲ. "ಬಿಸಿಲು ಎಲ್ಲಿ ನೋಡ್ತೀಯ? ಲೋಕಲ್‌ನಲ್ಲಿ ಮಂದಿಯ ಕಂಕುಳಡಿ ಹೋಗಿ ಆಫೀಸಿನ ಎಸಿಯಲ್ಲಿ ಕೂತು ಬರ್ತೀಯ" ಅಂದಳು ಅಮ್ಮ.

ಡಾಕ್ಟರು ವಾರಕ್ಕೊಂದರಂತೆ ಎಂಟು ವಾರಕ್ಕೆ 60,000 ಯೂನಿಟ್ಟಿನ ಗುಳಿಗೆ ಬರೆದರು. ಮರೆಯಬಾರದು ಅಂತ ಶನಿವಾರ ಗೊತ್ತು ಮಾಡಿಕೊಂಡೆ. ಶನಿವಾರ ನನ್ನ ಉಪವಾಸ. ಸ್ನಾನ ಮಾಡಿ, ಹನುಮಂತನಿಗೆ ಕೈ ಮುಗಿದು, ಹಾಲಿಲ್ಲದ ಕರಿ ಚಹಾದ ಜೊತೆ ಗುಳುಂ.

ಎಂಟು ವಾರ ಕಳೆದರೂ ರಿಪೋರ್ಟಿನ ಅಂಕಿ ಅಷ್ಟಕ್ಕಷ್ಟೇ.

"ಯಾವುದರ ಜೊತೆ ತಗೊಂಡ್ರಿ?"

"ಭಕ್ತಿಯ ಜೊತೆ ಸರ್."

ಡಾಕ್ಟರು ನಗಲಿಲ್ಲ. ಡಿ ವಿಟಮಿನ್ ನೀರಿಗೆ ಕರಗುವುದಿಲ್ಲ, ಎಣ್ಣೆ-ತುಪ್ಪದ ಹೆಗಲೇರಿದರೇ ಚೆನ್ನಾಗಿ ಒಳಗೆ ಹೋಗುವುದು ಅಂತ ಪಾಠ ಮಾಡಿದರು. ಚಿತ್ರ ಬರೆದೂ ತೋರಿಸಿದರು. ನನಗೆ ಅದು ತಲೆಗೆ ಹೋದದ್ದು ನಮ್ಮ ಮನೆ ಮಂಚದಿಂದ.

ಹೋದ ವರ್ಷ ಉಲ್ಲಾಸನಗರದಿಂದ ಮಂಚ ತಂದಿದ್ದೆವು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಜಾಲರಿ ಗೇಟು ತುಕ್ಕು ಹಿಡಿದು ಅರ್ಧ ಮಾತ್ರ ತೆರೆಯುತ್ತದೆ. ಬಡಗಿ ಹೊರಗೇ ಮಂಚ ಬಿಚ್ಚಿ, ಹಲಗೆಗಳನ್ನು ಒಂದೊಂದಾಗಿ ಒಳಗೆ ತೂರಿಸಿದ. ನಾನು ಚಹಾ ತರುವಷ್ಟರಲ್ಲಿ ಪುಣ್ಯಾತ್ಮ ಲಿಫ್ಟಿನ ಎದುರೇ ಎಲ್ಲ ಮತ್ತೆ ಜೋಡಿಸಿ, ಮೇಲೆ ಕೂತು ಬೀಡಿ ಸೇದುತ್ತಿದ್ದ! ಲಿಫ್ಟಿಗೆ ಹಿಡಿಸಲಿಲ್ಲ. ನಾಲ್ಕು ಮಹಡಿ ಮೆಟ್ಟಿಲಲ್ಲಿ ಹೊತ್ತೆವು. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಯ ಸುಣ್ಣ ಕಿತ್ತದ್ದಕ್ಕೆ ಇವತ್ತಿಗೂ ಬೈಸಿಕೊಳ್ಳುತ್ತಿದ್ದೇನೆ.

ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲೂ ಇದೇ ಕಥೆ. ತುಪ್ಪ ಬಂತು ಅಂದರೆ ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಸುರಿಯುತ್ತದೆ. ಅದು ಸೋಪಿನ ಹಾಗೆ. ತುಪ್ಪದ ತಟ್ಟೆಯನ್ನು ಬರೀ ತಣ್ಣೀರಲ್ಲಿ ತೊಳೆದು ಬೈಸಿಕೊಂಡವರಿಗೆ ಅದರ ಬೆಲೆ ಗೊತ್ತು. ಆಮೇಲೆ ಮೇದೋಜೀರಕದಿಂದ ಬರುವ ಲೈಪೇಸ್ ಅನ್ನೋ ಬಡಗಿ ಕೊಬ್ಬನ್ನು ಬಿಚ್ಚುತ್ತಾನೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಸಣ್ಣ ಸಣ್ಣ ಎಳೆಗಳಿವೆ. ಒಂದೊಂದೂ ಸುಮಾರು ಒಂದು ಮಿಲಿಮೀಟರ್. ಬಿಚ್ಚಿದ ತುಂಡುಗಳು ಅಲ್ಲಿನ ಜೀವಕೋಶದ ಒಳಗೆ ನುಸುಳಿದ್ದೇ ತಡ, ಮತ್ತೆ ಜೋಡಣೆ! ಮೇಲೊಂದು ಪ್ರೋಟೀನಿನ ಹೊದಿಕೆ ಬೇರೆ. ಇದಕ್ಕೆ ಕೈಲೋಮೈಕ್ರಾನ್ ಅಂತ ಹೆಸರು.

ಸಕ್ಕರೆ, ಪ್ರೋಟೀನಿನ ಚೂರುಗಳು ರಕ್ತನಾಳದ ಲಿಫ್ಟ್ ಹತ್ತಿ ನೇರ ಲಿವರಿಗೆ. ಈ ದಪ್ಪ ಗಂಟು ಅಲ್ಲಿ ಹಿಡಿಸುವುದಿಲ್ಲ. ದುಗ್ಧನಾಳದ, ಅಂದರೆ ಲಿಂಫ್ ಹರಿಯುವ ನಾಳದ, ಮೆಟ್ಟಿಲು ಹಿಡಿದು, ಎದೆಯ ಒಳಗಿಂದ ಹತ್ತಿ, ಎಡ ಕಾಲರ್ ಮೂಳೆಯ ಹತ್ತಿರ ರಕ್ತ ಸೇರುತ್ತದೆ. ಡಿ ವಿಟಮಿನ್ ಈ ಮಂಚದ ಮೇಲೆ ಮಲಗಿಕೊಂಡು ಬರುವ ಆಸಾಮಿ. ನಾನು ಎಂಟು ಶನಿವಾರ ಮಂಚವನ್ನೇ ಕಳಿಸಿರಲಿಲ್ಲ, ಅಷ್ಟೆ.

ಈಗ ಗುಳಿಗೆ ಭಾನುವಾರಕ್ಕೆ, ಊಟದ ಜೊತೆಗೆ ಬದಲಾಗಿದೆ. ಕೊಲೆಸ್ಟರಾಲ್ ಅಂತ ನಾನು ಅಟ್ಟಕ್ಕೇರಿಸಿದ್ದ ತುಪ್ಪದ ಡಬ್ಬಿ ಕೆಳಗಿಳಿದಿದೆ.

"ಡಾಕ್ಟರು ಒಂದು ಚಮಚ ಅಂದ್ರು ಅಲ್ವಾ?" ಅಂತ ಕೇಳುತ್ತಲೇ ಅಮ್ಮ ಎರಡನೆಯದನ್ನು ಹಾಕುತ್ತಾಳೆ.