ಕೆಮ್ಮು ಎಲ್ಲಿ ಹೋತು?

ನಾಕ್ ದಿನದಿಂದ ಬರೀಬೇಕು ಬರೀಬೇಕು ಅನ್ಕೊಂತ ಇದ್ದೆ, ಇವತ್ತ ಕೂತೀನಿ. ಉದ್ದ ಆಗ್ತೈತಿ, ಆದ್ರೂ ಓದ್ರಿ. ಅದರಾಗೂ ನಮ್ಮ ಹುಬ್ಬಳ್ಳಿ ಧಾರವಾಡ ಗದಗ ಹಾವೇರಿ ಕಡೆ ಕಾಲೇಜಿನಾಗ ಪ್ರಾಜೆಕ್ಟ್ ಅಂತ ಶಾರ್ಟ್ ಫಿಲ್ಮು ಡಾಕ್ಯುಮೆಂಟರಿ ಮಾಡಾಕತ್ತಿರೋ ಹುಡುಗ್ರು ಹುಡುಗ್ಯಾರು ಪೂರ್ತಿ ಓದ್ರಿ, ನಿಮಗಂತನ ಬರದೀನಿ.

ವಿಷಯ ಫೀಡ್‌ಬ್ಯಾಕ್. ಮಾಸ್ತರು ಕೊಡೋದರ ಬಗ್ಗೆ ಅಲ್ಲ, ಅದನ್ನ ಇನ್ನೊಮ್ಮೆ ಬರೀತೀನಿ. ನಮ್ಮ ಜೋಡಿ ಒಂದ ಬೆಂಚಿನಾಗ ಕುಂತು ಕಲಿಯೋ ದೋಸ್ತರು, ನಮ್ಮ ಫಿಲ್ಮ್ ನೋಡಿ ಏನ್ ಹೇಳ್ತಾರಲ್ಲ, ಅದು.

ಹೋದ ವರ್ಷ ಫೈನಲ್ ಪ್ರಾಜೆಕ್ಟಿಗೆ ನಾವು ನಾಕು ಮಂದಿ ಸೇರಿ ಬ್ಯಾಡಗಿ ಮೆಣಸಿನಕಾಯಿ ಆರಿಸೋ ಹೆಣ್ಮಕ್ಕಳ ಮ್ಯಾಲ ಒಂದು ಡಾಕ್ಯುಮೆಂಟರಿ ಮಾಡಿದ್ವಿ. ಜನವರಿ ಕಡೀಗೆ ಹುಬ್ಬಳ್ಳಿಯಿಂದ ಬೆಳಗಿನ ಗಾಡಿ ಹಿಡದು ಬ್ಯಾಡಗಿ ಸ್ಟೇಷನ್ನಿಗೆ ಇಳದು, ಸೀಸನ್ ಟೈಮ್ ಅಲ್ಲಾ, ಊರಿಗೆ ಊರೇ ಕೆಂಪಗ ಆಗಿತ್ತು, ಅಲ್ಲೊಂದು ಗೋಡೌನಿನ್ಯಾಗ ಹೆಣ್ಮಕ್ಕಳು ಗೋಣಿಚೀಲ ಹಾಸಿ ಸಾಲಾಗಿ ಕುಂತು ರಾಶಿ ಮುಂದ ಹಾಕ್ಕೊಂಡು ತೊಟ್ಟು ಬಿಡಿಸೋದು, ಕಾಯಿ ಆರಿಸೋದು ಮಾಡ್ತಿದ್ರು. ಮೂರು ಸರ್ತಿ ಹೋಗಿ ಬಂದ್ವಿ. ಮೊದಲನೇ ದಿನ ಒಬ್ಬ ಅಮ್ಮ "ಕುಂದರ್ರಿ ಯವ್ವಾ, ನಿಂತ್ರ ಘಾಟು ಜಾಸ್ತಿ ಬಡೀತೈತಿ" ಅಂತ ತನ್ನ ಚೀಲದ ಮ್ಯಾಲ ಜಾಗಾ ಕೊಟ್ಟಿದ್ಲು. ಆ ಮಾತು ಇನ್ನೂ ಕಿವಿಯಾಗ ಐತಿ.

ಎಡಿಟಿಂಗ್ ನಂದು. ಹದಿನಾಕು ನಿಮಿಷದ ರಫ್ ಕಟ್, ಅಂದ್ರ ಮೊದಲನೇ ಕಚ್ಚಾ ಜೋಡಣಿ, ಮಾಡಿ ಕ್ಲಾಸಿನಾಗ ಪರದೆ ಎಳದು ಪ್ರೊಜೆಕ್ಟರ್ ಮ್ಯಾಲ ತೋರಿಸಿದ್ವಿ. ಮುಗೀತು, ಚಪ್ಪಾಳೆ. "ಸೂಪರ್ ಲೇ", "ಒಂದ್ ನಂಬರ್", "ಮ್ಯಾಲಿಂದ ತಗದ ಆ ಅಂಗಳದ ಶಾಟ್ ಮಸ್ತ್ ಐತಿ ದೋಸ್ತ". ಆಮ್ಯಾಲ ಎಲ್ಲಾರಿಗೂ ಒಂದೊಂದು ಫಾರ್ಮ್ ಕೊಟ್ಟಿದ್ರು, ಕ್ಯಾಮರಾ, ಎಡಿಟಿಂಗ್, ಸೌಂಡ್, ಕಥಿ, ಒಂದರಿಂದ ಐದರ ತನಕ ಮಾರ್ಕು ಹಾಕ್ರಿ ಅಂತ. ಎಲ್ಲಾರೂ ನಾಕು ಐದು, ನಾಕು ಐದು. ನಾವೂ ಹಿಂದಿನ ವಾರ ಅವರ ಫಿಲ್ಮಿಗೆ ಹಂಗ ಹಾಕಿದ್ವಿ.

ಒಂದು ಫಾರ್ಮಿನ್ಯಾಗ ಮಾತ್ರ ಸೌಂಡ್ ಮುಂದಿನ ಮಾರ್ಕು ಖಾಲಿ ಇತ್ತು. ಅದರ ಮುಂದ ಪೆನ್ಸಿಲ್‌ನಾಗ ಒಂದ ಸಾಲು: ಕೆಮ್ಮು ಎಲ್ಲಿ ಹೋತು?

ಅದನ್ನ ಬರದಾಕಿ ನಮ್ಮ ಕ್ಲಾಸಿನಾಗ ಭಾಳ ಮಾತಾಡಾಕಿ ಅಲ್ಲ. ಹಿಂದಿನ ಬೆಂಚು. ಊರು ಬ್ಯಾಡಗಿ ಹತ್ರ ಒಂದು ಹಳ್ಳಿ ಅಂತ ಗೊತ್ತಿತ್ತು, ಅಷ್ಟ. ನಂಗ ಓದಿದ ಕೂಡಲೇ ಸಿಟ್ಟು ಬಂತು ನೋಡ್ರಿ, ಖರೇ ಹೇಳ್ತೀನಿ. ಯಾಕಂದ್ರ ಆ ಕೆಮ್ಮು ತಗದಾಕಿ ನಾನ. ಎರಡು ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಕುಂತು ತಗದಿದ್ದೆ. ಟೈಮ್‌ಲೈನ್ ಜೂಮ್ ಮಾಡಿದ್ರ ವೇವ್‌ಫಾರ್ಮ್‌ನಾಗ, ಅಂದ್ರ ದನಿಯ ಗೆರಿ ಚಿತ್ರದಾಗ, ಕೆಮ್ಮು ಸೂಜಿಯಂಗ ಎದ್ದು ಕಾಣ್ತೈತಿ, ಮಾತಿನ ನಡುವ, ಮೌನದ ನಡುವ, ಎಲ್ಲಾ ಕಡೆ. ಒಂದೊಂದು ಸೂಜಿ ಹಿಡದು ಕಟ್ ಮಾಡಿ, ಆ ಸಂದಿನ್ಯಾಗ ಗೋಡೌನಿನ ಖಾಲಿ ಸದ್ದು ಇರ್ತೈತಲ್ಲ, ರೂಮ್ ಟೋನ್ ಅಂತೀವಿ, ಯಾರೂ ಮಾತಾಡದಂಗ ಅರ್ಧ ನಿಮಿಷ ಬ್ಯಾರೆ ರೆಕಾರ್ಡ್ ಮಾಡಿ ಇಟ್ಕೊಂಡಿರ್ತೀವಿ, ಅದನ್ನ ತುಂಬಿಸಿ, ಉಳದದ್ದಕ್ಕ ನಾಯ್ಸ್ ರಿಡಕ್ಷನ್ ಹಾಕಿ ನುಣ್ಣಗ ಮಾಡಿದ್ದೆ. ಸೌಂಡ್ ಕ್ಲೀನ್ ಇರಬೇಕು ಅಂತ ಕಲಿಸಿದ್ರಲ್ಲ, ಹಂಗ.

ಮರುದಿನ ಕ್ಯಾಂಟೀನಿನ್ಯಾಗ ಸಿಕ್ಳು, ಕೇಳಿದೆ, ಏನ್ ಹಂಗಂದ್ರ ಅಂತ. ಆಕಿ ಸಾವಕಾಶ ಹೇಳಿದ್ಲು. "ಯಕ್ಕಾ, ಆರನೇ ನಿಮಿಷದಾಗ ಒಬ್ಬಾಕಿ ಸೆರಗು ತಗೊಂಡು ಮೂಗಿಗೆ ಒತ್ತಿ ಹಿಡೀತಾಳ. ಭುಜ ಎರಡ ಸಲ ಜಿಗೀತೈತಿ. ದನಿ ಇಲ್ಲ. ನಮ್ಮವ್ವ ಅದ ಕೆಲಸ ಮಾಡ್ತಾಳ, ಮನಿಗೆ ಬಂದು ಜಳಕ ಮಾಡಿದ ಮ್ಯಾಲೂ ಕೆಮ್ಮತಾಳ, ರಾತ್ರಿ ನಿದ್ದಿಗಣ್ಣಿನ್ಯಾಗ ಕೆಮ್ಮತಾಳ, ನಾನು ಎಸ್ಸೆಸ್ಸೆಲ್ಸಿ ಓದೋಮುಂದ ಆ ಕೆಮ್ಮು ಕೇಳಕೊಂತನ ಓದೀನಿ. ನಿಮ್ಮ ಫಿಲ್ಮಿನ್ಯಾಗ ಎಲ್ಲಾರೂ ಗುಡಿಯಾಗ ಕುಂತಂಗ ಕುಂತಾರ. ಆ ಭುಜ ಜಿಗದದ್ದು ನೋಡಿದ ಮ್ಯಾಲ ನಂಗ ಮುಂದಿಂದು ಏನೂ ತಲಿಗೆ ಹೋಗಲಿಲ್ಲ, ಅವ್ವನ ಕೆಮ್ಮು ಯಾರ ತಗದ್ರು ಅಂತ ಅದ ಯೋಚನಿ."

ನಂಗ ಚಹಾ ಕುಡಿಯಾಕ ಆಗಲಿಲ್ಲ.

ಆಕಿ ಏನ್ ಮಾಡಿದ್ಲು ನೋಡ್ರಿ. ಫಿಲ್ಮ್ ಚಲೋ ಐತಿ ಅನ್ನಲಿಲ್ಲ, ಕೆಟ್ಟ ಐತಿ ಅನ್ನಲಿಲ್ಲ, ಹಿಂಗ ಮಾಡ್ರಿ ಅಂತನೂ ಅನ್ನಲಿಲ್ಲ. ಎಷ್ಟನೇ ನಿಮಿಷದಾಗ, ಯಾವ ಶಾಟಿನ್ಯಾಗ, ತನಗ ಏನಾತು ಅಂತ ಹೇಳಿದ್ಲು. ಅಷ್ಟ. ನನ್ನ ಮಟ್ಟಿಗೆ ಫೀಡ್‌ಬ್ಯಾಕ್ ಅಂದ್ರ ಇದ, ಇದರ ಮುಂದ ಆ ನಾಕು ಐದು ಮಾರ್ಕಿನ ಫಾರ್ಮು ಹಾಳಿಗೆ ದಂಡ. ಫಿಲ್ಮ್ ಮಾಡಿದೋರಿಗೆ ಒಂದು ಶಾಟಿನ ಹಿಂದ ಮುಂದ ಎಲ್ಲಾ ಗೊತ್ತಿರ್ತೈತಿ, ಗೋಡೌನಿನ ವಾಸನಿ ಗೊತ್ತು, ಆ ಅಮ್ಮ ಕರದು ಕುಂದರಿಸಿದ್ದು ಗೊತ್ತು, ಹಂಗಾಗಿ ಪರದೆ ಮ್ಯಾಲ ಇಲ್ಲದ್ದೂ ಕಾಣ್ತಿರ್ತೈತಿ. ನೋಡೋರಿಗೆ ಪರದೆ ಮ್ಯಾಲ ಇದ್ದದ್ದು ಮಾತ್ರ ಕಾಣ್ತೈತಿ. ಆ ಕಣ್ಣು ನಮಗ ಸಾಲ ಬೇಕು, ಎಡಿಟ್ ಲಾಕ್ ಆಗೋಕ್ಕಿಂತ, ಅಂದ್ರ ಇನ್ನ ಬದಲಿಸಂಗಿಲ್ಲ ಅಂತ ಆಗೋಕ್ಕಿಂತ, ಮೊದಲ ಬೇಕು. ದೋಸ್ತರು ಕೊಡೋದು ಅದನ್ನ.

ಆಮ್ಯಾಲ ನಾನು ಮೂರು ಮಂದಿಗೆ ಮತ್ತ ತೋರಿಸಿದೆ, ಹಾಸ್ಟೆಲ್ ರೂಮಿನ್ಯಾಗ, ಈ ಸರ್ತಿ ಫಾರ್ಮ್ ಇಲ್ಲ. ಒಂದು ಹಾಳಿ ಕೊಟ್ಟು, ಎಲ್ಲಿ ಮನಸ್ಸು ಬ್ಯಾರೆ ಕಡೆ ಹೋತು, ಎಲ್ಲಿ ತಿಳೀಲಿಲ್ಲ, ಎಲ್ಲಿ ಮುಂದ ಬಾಗಿ ನೋಡಿದ್ರಿ, ಅಷ್ಟ ನಿಮಿಷ ಸೆಕೆಂಡ್ ಸಮೇತ ಬರೀರಿ ಅಂದೆ. ಮೂರೂ ಮಂದಿ ಮೊದಲ ಎರಡು ನಿಮಿಷ ಉದ್ದ ಆತು ಅಂತ ಬರದಿದ್ರು. ಅಲ್ಲಿ ನಮ್ಮ ವಾಯ್ಸ್ ಓವರ್ ಇತ್ತು: ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ ಟ್ಯಾಗ್ (ಇದು ಈ ಊರಿನ ಮಾಲು ಅನ್ನೋ ಸರಕಾರಿ ಗುರುತು) ಸಿಕ್ಕಿದ್ದು, ಡಬ್ಬಿ ಕಡ್ಡಿ ಅಂತ ಎರಡು ನಮೂನಿ ಇರೋದು, ಖಾರ ಕಡಿಮಿ ಬಣ್ಣ ಜಾಸ್ತಿ ಅನ್ನೋದು, ಅದರಿಂದ ತಗಿಯೋ ಓಲಿಯೋರೆಸಿನ್ ಅನ್ನೋ ಬಣ್ಣದ ಎಣ್ಣಿ ಲಿಪ್‌ಸ್ಟಿಕ್ಕು ನೇಲ್ ಪಾಲಿಶ್ ತನಕ ಹೋಗೋದು. ಎಲ್ಲಾ ಖರೇ. ಆದ್ರ ಒಬ್ಬಂವ ಬರದಿದ್ದ, "ಪಾಠ ಕೇಳಿದಂಗಾತು, ಯಾರ ಮಾರೀನೂ ಇನ್ನೂ ಕಾಣವಲ್ದು" ಅಂತ.

ಇಲ್ಲೊಂದು ಮಾತು ಹೇಳಬೇಕು. ವಾಲ್ಟರ್ ಮರ್ಚ್ ಅಂತ ಅಮೆರಿಕಾದ ದೊಡ್ಡ ಎಡಿಟರ್, ಸೌಂಡಿನ್ಯಾಗೂ ಎಡಿಟಿಂಗಿನ್ಯಾಗೂ ಆಸ್ಕರ್ ತಗೊಂಡಂವ, ಅಂವ ಒಂದು ಹೋಲಿಕಿ ಕೊಡ್ತಾನ. ಮೊಣಕೈ ನೋಯಾಕತ್ತೈತಿ ಅಂತ ಡಾಕ್ಟರ್ ಕಡೆ ಹೋಗ್ತೀರಿ, ಆದ್ರ ನರ ಸಿಕ್ಕಿರೋದು ಭುಜದಾಗ. ಪೇಷಂಟ್ ಹೇಳಿದ ಅಂತ ಮೊಣಕೈಗೆ ಕತ್ತರಿ ಹಾಕಿದ್ರ ಏನಾಗ್ತೈತಿ. ಸಿನಿಮಾ ನೋಡಿದೋರೂ ಹಂಗ, ನೋವು ಖರೇ ಹೇಳ್ತಾರ, ಅದರ ಬೇರು ಎಲ್ಲೈತಿ ಅಂತ ಹುಡುಕೋದು ಮಾಡಿದೋರ ಕೆಲಸ. ನಮ್ಮ ಫಿಲ್ಮಿನ್ಯಾಗ ಎರಡು ನಿಮಿಷ ಉದ್ದ ಆತು ಅಂದ್ರು ಅಂತ ನಾನು ಮೊದಲ ಅದನ್ನ ಒಂದು ನಿಮಿಷಕ್ಕ ಇಳಿಸಿ ನೋಡಿದೆ, ಆಗಲೂ ಉದ್ದ ಅನ್ನಿಸ್ತು. ಬೇರು ಇದ್ದದ್ದು ಆ ಅಮ್ಮನ ಮಾರಿ ಮೂರನೇ ನಿಮಿಷಕ್ಕ ಬರೋದ್ರಾಗ. ಆಕಿನ್ನ ಮೊದಲ ಶಾಟಿಗೆ ತಂದು ಹಾಕಿದೆ, ಜಿಐ ಟ್ಯಾಗ್ ಗಿಐ ಟ್ಯಾಗ್ ಎಲ್ಲಾ ತಗದೆ, ಲಿಪ್‌ಸ್ಟಿಕ್ ಮಾತೊಂದು ಇಟ್ಕೊಂಡೆ, ಅದೂ ಎಲ್ಲಿ ಅಂದ್ರ ಆಕಿ ಬೆರಳಿನ ತುದಿ ಕ್ಲೋಸಪ್ ಇರೋ ಕಡೆ. ಉಗುರಿನ ಸಂದಿನ್ಯಾಗ ಕೆಂಪು ಕುಂತು ಕುಂತು ಮಾಸಿದ್ದು, ಹೆಬ್ಬೆಟ್ಟಿನ ಚರ್ಮ ತೊಟ್ಟು ಮುರದು ಮುರದು ದಡ್ಡುಗಟ್ಟಿದ್ದು. ಅಲ್ಲಿ ಆ ಮಾತು ಬಂದ್ರ ಯಾರಿಗೂ ಪಾಠ ಅನ್ನಿಸಂಗಿಲ್ಲ.

ಬಣ್ಣದ್ದೂ ಒಂದು ಹೇಳೇಬಿಡ್ತೀನಿ. ನಮ್ಮ ಕ್ಯಾಮರಾ ಹುಡುಗ ಕೆಂಪು ಎದ್ದು ಕಾಣ್ಲಿ ಅಂತ ಸ್ಯಾಚುರೇಶನ್, ಅಂದ್ರ ಬಣ್ಣದ ಗಾಢ, ಏರಿಸಿದ್ದ. ಒಬ್ಬಾಕಿ, "ಟೊಮ್ಯಾಟೊ ಅನ್ಕೊಂಡೆ" ಅಂತ ಬರದಿದ್ಲು. ಬ್ಯಾಡಗಿ ಕಾಯಿ ಗುರುತು ಸಿಗೋದ ಅದರ ಸುಕ್ಕಿನಿಂದ, ಕೆಂಪು ಏರಿಸಿದ್ದಕ್ಕ ಆ ಸುಕ್ಕೆಲ್ಲಾ ಒಳಗ ಮುಚ್ಚಿ ಹೋಗಿ ಬರೇ ಒಂದು ಕೆಂಪು ಮುದ್ದಿ ಆಗಿತ್ತು. ಇಳಿಸಿದ ಮ್ಯಾಲ ಸುಕ್ಕು ತಿರುಗಿ ಬಂತು. ಇನ್ನೊಬ್ಬಂವ ಟ್ಯೂಬ್‌ಲೈಟ್ ಮಿಣುಕಾಕತ್ತೈತಿ ಅಂದ, ಅದು ಶಟರ್ ತಪ್ಪು, ಅಂದ್ರ ಒಂದೊಂದು ಫ್ರೇಮಿಗೆ ಕ್ಯಾಮರಾ ಎಷ್ಟು ಹೊತ್ತು ಬೆಳಕು ತಗೋಬೇಕು ಅನ್ನೋದರ ತಪ್ಪು, ನಮ್ಮ ಕರೆಂಟು 50 ಹರ್ಟ್ಸ್, ಲೈಟು ಅದರ ಲೆಕ್ಕಕ್ಕ ಮಿಣುಕ್ತೈತಿ, ಶಟರ್ 1/50 ಇಲ್ಲಾ 1/100 ಇಡಬೇಕಿತ್ತು, 1/60 ಇತ್ತು. ಅದಕ್ಕ ಏನೂ ಮಾಡಾಕ ಆಗಲಿಲ್ಲ, ಆ ಶಾಟ್ ಬಿಟ್ವಿ.

ಈಗ ಇನ್ನೊಂದು ತರದ ಫೀಡ್‌ಬ್ಯಾಕ್. ಇದನ್ನ ಬರಿಯಾಕ ನಂಗ ಕಷ್ಟ ಐತಿ. ನಮ್ಮ ಬ್ಯಾಚಿನ್ಯಾಗ ಒಬ್ಬಾಕಿ ತನ್ನ ಅಜ್ಜನ ಮ್ಯಾಲ ಫಿಲ್ಮ್ ಮಾಡಿದ್ಲು, ಮಗ್ಗ ನಿಲ್ಲಿಸಿದ ನೇಕಾರ, ಬೆಟಗೇರಿಯಂವ. ಮೊಬೈಲಿನ್ಯಾಗ ತಗದಿದ್ದು. ಶೋ ಮುಗದ ಮ್ಯಾಲ ಒಬ್ಬಂವ ಎದ್ದು ಇಪ್ಪತ್ತು ನಿಮಿಷ ಮಾತಾಡಿದ, ಯಾವ ಲೆನ್ಸ್ ಹಾಕಬೇಕಿತ್ತು, ಎಲ್ಲಿ ಲೈಟ್ ಇಡಬೇಕಿತ್ತು, ತಾನಾಗಿದ್ರ ಹೆಂಗ ತಗೀತಿದ್ದೆ, ಕಡೀಗೆ "ಈ ವಿಷಯ ಯಾಕ ತಗೊಂಡಿ, ಎಲ್ಲಾರೂ ಮಾಡ್ತಾರ" ಅಂದ. ಆ ಫಿಲ್ಮಿನ್ಯಾಗ ಅಜ್ಜ ಖಾಲಿ ಗುಂಡಿಯಾಗ ಕಾಲು ಇಳಿಬಿಟ್ಟು ಕುಂತಿದ್ದ, ಮಗ್ಗದ ಗುಂಡಿ, ಮಗ್ಗ ಮಾರಿ ಆಗಿತ್ತು, ಗುಂಡಿ ಉಳಿದಿತ್ತು. ಕಾಲು ತಾವಾಗೇ ಮ್ಯಾಲ ಕೆಳಗ ಆಡ್ತಿದ್ವು. ನಂಗ ಮೈ ಜುಮ್ ಅಂದಿತ್ತು. ನಾನು ಎದ್ದು ಹೇಳಲಿಲ್ಲ. ಕ್ಲಾಸಿನಾಗ ಯಾರೂ ಹೇಳಲಿಲ್ಲ. ಆಕಿ ಎರಡನೇ ಕಟ್ ಮಾಡ್ಲೇ ಇಲ್ಲ, ಇದ್ದದ್ದನ್ನ ಹಂಗ ಸಬ್‌ಮಿಟ್ ಮಾಡಿ ಕೈ ತೊಳಕೊಂಡ್ಲು. ಆ ದಿನ ನಾನು ಎದ್ದು ಆ ಕಾಲಿನ ಬಗ್ಗೆ ಒಂದ ಮಾತು ಆಡಿದ್ರ ಸಾಕಿತ್ತು ಅಂತ ಈಗಲೂ ಹೊಟ್ಟಿಯಾಗ ಕುಟ್ತೈತಿ. ಮೊನ್ನೆ ಫೋನ್ ಮಾಡಿ ಹೇಳಿದೆ. ತಡ ಆತು, ಆದ್ರೂ ಹೇಳಿದೆ.

ಲಿಜ್ ಲರ್ಮನ್ ಅಂತ ಅಮೆರಿಕಾದಾಗ ಒಬ್ರು ನೃತ್ಯ ಸಂಯೋಜಕಿ ಅದಾರ. ಇಂಥ ಕಷ್ಟಕ್ಕ ಅಂತ ನಾಕು ಮೆಟ್ಟಿಲಿನ ಒಂದು ಪದ್ಧತಿ ಮಾಡ್ಯಾರ. ಮೊದಲ ನೋಡಿದೋರು ತಮಗ ತಟ್ಟಿದ್ದು, ನೆನಪುಳಿದದ್ದು ಹೇಳಬೇಕು. ಆಮ್ಯಾಲ ಮಾಡಿದೋರು ತಮಗ ಅನುಮಾನ ಇರೋದನ್ನ ಕೇಳಬೇಕು. ಮೂರನೇದ್ದು ನೋಡಿದೋರು ಪ್ರಶ್ನೆ ಕೇಳಬೇಕು, ಆದ್ರ ಪ್ರಶ್ನೆಯೊಳಗ ಅಭಿಪ್ರಾಯ ಬಚ್ಚಿಟ್ಟಿರಬಾರದು. "ಇಷ್ಟು ಕತ್ತಲಿ ಯಾಕ ಇಟ್ಟಿ" ಅಂದ್ರ ಅದು ಪ್ರಶ್ನೆ ಅಲ್ಲ, ಬೈಗುಳ. "ಬೆಳಕಿನ ಬಗ್ಗೆ ಏನ್ ಯೋಚನಿ ಮಾಡಿದ್ದಿ" ಅಂದ್ರ ಪ್ರಶ್ನೆ. ಕಡೀಗೆ ಅಭಿಪ್ರಾಯ, ಅದೂ "ಸೌಂಡ್ ಬಗ್ಗೆ ನಂದೊಂದು ಮಾತೈತಿ, ಹೇಳ್ಲೇನು" ಅಂತ ಕೇಳಿ, ಅವರು ಹೂಂ ಅಂದ ಮ್ಯಾಲ. ನಮ್ಮ ಕ್ಲಾಸುಗಳೊಳಗ ಈ ನಾಕನೇ ಮೆಟ್ಟಿಲಿಗೇ ಎಲ್ಲಾರೂ ಹಾರತಾರ, ಮೊದಲಿನ ಮೂರು ಯಾರೂ ಹತ್ತಂಗಿಲ್ಲ.

ಇದು ನಮ್ಮ ಕಡೆ ಇಲ್ಲದ್ದೇನಲ್ಲ. ಕುಂದಗೋಳದಾಗ ಹಿಂದುಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆದಾಗ ಅಹೋರಾತ್ರಿ ಹಾಡ್ತಾರಲ್ಲ, ಅಲ್ಲಿ ಜಮಖಾನಿ ಮ್ಯಾಲ ಕುಂತ ಹಿರ್‍ಯಾರನ್ನ ನೋಡ್ರಿ. ಹಾಡಾಂವ ಸಮ್ಮಿಗೆ, ಅಂದ್ರ ತಾಳದ ಮೊದಲ ಪೆಟ್ಟಿಗೆ, ಬಂದು ಬಿದ್ದ ಗಳಿಗಿಗೇ ತಲಿ ತೂಗ್ತೈತಿ, ಕೈ ಏಳ್ತೈತಿ, "ವ್ಹಾ" ಅಂತಾರ. ಒಂದು ಮಾತ್ರಾ ಹಿಂದಿಲ್ಲ ಮುಂದಿಲ್ಲ. ಹಾಡಾಂವಗ ಗೊತ್ತಾಗ್ತೈತಿ, ಇವರಿಗೆ ಎಲ್ಲಿ ಮುಟ್ತು ಅಂತ. ನಮ್ಮ ಅಜ್ಜಂದ್ರು ಹಂಗ ಕೇಳಿದವ್ರು, ನಾವು ಫಿಲ್ಮ್ ಮುಗಿಯೋಕ್ಕಿಂತ ಮೊದಲ ಫೋನ್ ತಗದು "ಸೂಪರ್" ಅಂತ ಒತ್ತತೀವಿ. ಭಾಳ ಬ್ಯಾಸರ ಆಗ್ತೈತಿ ನಂಗ ಇದು.

ಹಾಂ, ನಮ್ಮ ಫಿಲ್ಮ್ ಏನಾತು ಅಂತ ಹೇಳಲಿಲ್ಲ. ತಗದ ಕೆಮ್ಮೆಲ್ಲಾ ಹಳೇ ಫೈಲಿಂದ ಹುಡುಕಿ ವಾಪಸ್ ಹಾಕಿದೆ. ಹಾಕೋಮುಂದ ಗೊತ್ತಾತು, ಒಬ್ಬೊಬ್ಬರ ಕೆಮ್ಮು ಒಂದೊಂದು ತರ ಐತಿ, ಒಬ್ಬಾಕಿದು ಒಣಾದು, ಒಬ್ಬಾಕಿ ತಡಕೊಂಡು ತಡಕೊಂಡು ಒಮ್ಮೆಲೆ ಬಿಡ್ತಾಳ, ಒಬ್ಬಾಕಿ ಕೆಮ್ಮಿ ಆದ ಮ್ಯಾಲ "ಶಿವಾ" ಅಂತಾಳ. ಹದಿನಾಕು ನಿಮಿಷದ್ದು ಹನ್ನೊಂದೂವರಿಗೆ ಬಂತು. ಮ್ಯೂಸಿಕ್ ತಗದ್ವಿ, ಬೇಕಾಗಲಿಲ್ಲ.

ಎರಡನೇ ಕಟ್ ಆ ಕೆಮ್ಮಿನ ಸಾಲು ಬರದಾಕಿಗೇ ಮೊದಲ ತೋರಿಸಿದ್ವಿ. ನೋಡಿ ಏನೂ ಅನ್ನಲಿಲ್ಲ, ಕಾಪಿ ಕೊಡ್ರಿ ಅಂದ್ಲು. ರಜಾಕ್ಕ ಊರಿಗೆ ಹೋದಾಗ ಮೊಬೈಲಿನ್ಯಾಗ ಅವ್ವಗ ತೋರಿಸ್ಯಾಳ. ಅವ್ವ ಚಾಳೀಸು ಇಲ್ಲ ಅಂತ ಪರದೆ ಸರೀ ನೋಡೇ ಇಲ್ಲಂತ, ಒಲಿ ಮುಂದ ಕುಂತು ಬರೇ ಕೇಳ್ಯಾಳ. ನಡುವ ಒಂದು ಕಡೆ ಕೈಯಾಗಿನ ರೊಟ್ಟಿ ಬಡಿಯೋದು ನಿಲ್ಲಿಸಿ, "ಯಾಕ ತಂಗಿ, ಇದು ನಮ್ಮ ಸಾಲಿನ ಕಡೀಗೆ ಕುಂದರತಾಳಲ್ಲ, ಆಕಿ ಕೆಮ್ಮಲ್ಲೇನು?" ಅಂದ್ಲಂತ.

ಈ ಶನಿವಾರ ಜೂನಿಯರ್ಸ್ ಆರು ಮಂದಿ ರಫ್ ಕಟ್ ತೋರಸಾಕತ್ತಾರ, ನನ್ನೂ ಕರದಾರ. ಧಾರವಾಡದಾಗ ಇದ್ದೋರು ಬರೋರಿದ್ರ ನನಗ ಮೆಸೇಜ್ ಮಾಡ್ರಿ, ಜಾಗಾ ಹೇಳ್ತೀನಿ. ಹಾಳಿ ಪೆನ್ನು ತರ್ರಿ. ಫೋನ್ ಬ್ಯಾಗಿನ್ಯಾಗ ಇಟ್ಟು ಕುಂದರ್ರಿ, ಹುಡುಗ್ರು ಅದಕ್ಕಂತ ಗ್ವಾಡಿ ಮ್ಯಾಲ ಒಂದು ದೊಡ್ಡ ಗಡಿಯಾರ ಹಾಕ್ತೀವಿ ಅಂದಾರ, ನಿಮಿಷ ನೋಡ್ಕೊಂಡು ಬರಿಯಾಕ.